ನಿಮಗಿದು ಗೊತ್ತೆ?: ಕಪ್ಪು ಕೋಟಿಗೆ ಮುನ್ನ

ಎಲ್‌ಎಲ್‌ಬಿ ಪದವಿ ಕೈಗೆ ಬಂದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ 21 ವರ್ಷ ತುಂಬಿರಬೇಕು, ಮಾನ್ಯತೆ ಪಡೆದ ಕಾನೂನು ಪದವಿ ಇರಬೇಕು, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಬೇಕು. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸು. ಬೇರೆ ಪದವಿ ಪಡೆದವರಿಗೆ ಮೂರು ವರ್ಷದ್ದು. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಈ ಪರೀಕ್ಷೆ ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರಲ್ಲಿ ಎತ್ತಿಹಿಡಿಯಿತು.

ಬಡ ಮನೆಯ ಮಕ್ಕಳು ತಿಳಿಯಲೇಬೇಕಾದ ಸಂಗತಿ ಇನ್ನೊಂದಿದೆ. ಕಾಯ್ದೆ ನಿಗದಿಪಡಿಸಿದ ನೋಂದಣಿ ಶುಲ್ಕ 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ ಮಾತ್ರ. ಆದರೂ ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ವಸೂಲಿಯಾಗುತ್ತಿತ್ತು. ಕೂಡಿಟ್ಟ ಹಣವಿಲ್ಲದ ಮನೆಗಳಿಗೆ ಇದು ಸಣ್ಣ ಹೊರೆಯಲ್ಲ. ನಿಗದಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಹಳ ತಡವಾಗಿ ಬಂದ ನ್ಯಾಯ ಇದು.

ವಕೀಲಿಕೆಗಾಗಿ ಹೆಣ್ಣುಮಕ್ಕಳು ಕಾದದ್ದು ಇನ್ನೂ ದೀರ್ಘ ಕಾಲ. ಕಾರ್ನೀಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಪಾಸಾಗಿದ್ದರು. ಆದರೂ ವಕೀಲಿಕೆಗೆ ಅವಕಾಶ ಕೋರಿದ ಕಲ್ಕತ್ತಾದ ರೆಜಿನಾ ಗುಹಾ ಅವರ ಅರ್ಜಿಯನ್ನು 1916ರಲ್ಲಿ ಅಲ್ಲಿನ ಹೈಕೋರ್ಟ್ ತಳ್ಳಿಹಾಕಿತ್ತು. ಕಾರಣ, ಆಕೆ ಹೆಣ್ಣು ಎಂಬುದಷ್ಟೆ. ಹೆಣ್ಣೆಂಬ ಕಾರಣಕ್ಕೆ ವಕೀಲಿಕೆಯ ಬಾಗಿಲು ಮುಚ್ಚುವಂತಿಲ್ಲ ಎಂಬ ಕಾನೂನು ಭಾರತದಲ್ಲಿ ಬಂದದ್ದು 1923ರಲ್ಲಿ.