ರಜೆ ಮುಗಿಸಿದ ಮೂಗಿಗೆ ಮತ್ತೆ ಅಆಇಈ!

ಅಂಗಡಿ ಬೀಗ ಮುರಿದರೆ ಸಾಕು, ‘ನಾಯಿ ಕರೆಸಿ ಸಾರ್’ ಅಂತ ಕೂಗು. ಆದರೆ ಕಾಲುನೋವೋ ಕಾಯಿಲೆಯೋ ಬಂದು ತಿಂಗಳುಗಟ್ಟಲೆ ಮಲಗಿದ್ದ ಪೊಲೀಸ್ ನಾಯಿಯನ್ನು ಎಬ್ಬಿಸಿ ನೇರ ಕಳ್ಳನ ಹಿಂದೆ ಬಿಡುವಂತಿಲ್ಲ.

ಮೂಗು ಮರೆಯೋದಿಲ್ಲ, ಕುಗ್ಗೋದು ಕಸುವು, ಗಮನ. ಮೈ ಬಂದ ನಾಯಿ ಬೇಗ ಏದುಸಿರು ಬಿಡುತ್ತೆ. ಬಾಯಲ್ಲಿ ಉಸಿರಾಡುವಾಗ ವಾಸನೆ ಸರಿಯಾಗಿ ಹತ್ತದು. ಹಾಗಾಗಿ ಪಾಠ ಮೊದಲಿಂದ. ಬೆಳಗಿನ ತಂಪಿನಲ್ಲಿ, ಹುಲ್ಲು ನೆಲದ ಮೇಲೆ ಐವತ್ತು ಹೆಜ್ಜೆಯ ಹೊಸ ಜಾಡು, ಹೆಜ್ಜೆಗೊಂದು ತಿಂಡಿ ಚೂರು. ಅದು ಸಲೀಸಾದ ಮೇಲೆ ತಿರುವು, ಆಮೇಲೆ ಗಂಟೆ ಕಳೆದ ಜಾಡು, ಕೊನೆಗೆ ಜನ ಓಡಾಡುವ ರಸ್ತೆ. ತಪ್ಪಿದರೆ ಗದರುವಂತಿಲ್ಲ; ಸುಲಭದ ಪಾಠಕ್ಕೆ ವಾಪಸ್. ಹಗ್ಗ ಹಿಡಿದವರೂ ನಾಯಿಯ ತಲೆ, ಬಾಲದ ಮಾತು ಓದೋದನ್ನು ಮತ್ತೆ ಕಲಿಯಬೇಕು.

ಪಳಗಿದ ಮೂಗಿನ ಬೆಲೆ ದಾವಣಗೆರೆ ಕಂಡಿದೆ. 2020ರಲ್ಲಿ ಅಲ್ಲಿನ ಪೊಲೀಸ್ ನಾಯಿ ‘ತುಂಗಾ’ ಸುಮಾರು 12 ಕಿ.ಮೀ. ಓಡಿ ಕೊಲೆ ಆರೋಪಿಯ ಸುಳಿವು ಕೊಟ್ಟಿತು.

ಅವಸರಪಟ್ಟರೆ? ನಾಯಿ ಅಮಾಯಕನ ಬಾಗಿಲಲ್ಲಿ ನಿಂತೀತು. ಇಂಥ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕವಿಲ್ಲವೆಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಊರಿನ ಬಾಯಿ ಕೇಳಬೇಕಲ್ಲ!

ವರ್ತಕರಿಗೊಂದು ಮಾತು: ಬೀಗ ಮುರಿದಿದ್ದರೆ ಒಳಗೆ ಕಾಲಿಡಬೇಡಿ, ಜನ ಸೇರಿಸಬೇಡಿ. ಜಾಡನ್ನು ನಾವೇ ತುಳಿದುಹಾಕಿದರೆ ಎಂಥ ನಾಯಿ ತಾನೇ ಏನು ಮಾಡೀತು?