ರ‍್ಯಾಂಕಿಗೆ ಲೆಕ್ಕವಿಲ್ಲ, ಸೀಟಿಗೆ ಬೇಕೇ ಬೇಕು

ಮಲ್ಲೇಶ್ವರದ ಆ ಕಾಲೇಜಿನ ಎದುರು ಅವತ್ತು ಸಿಇಟಿಯ ಮಾಮೂಲಿ ಜಾತ್ರೆ ಇರಲಿಲ್ಲ. ಗಣಿತ, ಭೌತವಿಜ್ಞಾನದ ದಿನ ರಸ್ತೆಯುದ್ದಕ್ಕೂ ನಿಲ್ಲುವ ಕಾರು, ಸ್ಕೂಟರುಗಳಿಲ್ಲ. ಇದ್ದವರಲ್ಲಿ ಹೆಚ್ಚಿನವರು ರಾತ್ರಿ ಬಸ್ಸಿಳಿದು ಬ್ಯಾಗಿನ ಸಮೇತ ನೇರ ಬಂದವರು. ಒಳಗೆ ನಡೆಯುತ್ತಿದ್ದದ್ದು ಕನ್ನಡ ಪರೀಕ್ಷೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮಕ್ಕಳು ಮಾತ್ರ ಬರೆಯುವ, ಉಳಿದ ಲಕ್ಷಾಂತರ ಮಂದಿ ಹೆಸರೂ ಕೇಳಿರದ ಸಿಇಟಿ ಪತ್ರಿಕೆ ಅದು.

ಅಕ್ಕಲಕೋಟೆ ತಾಲ್ಲೂಕಿನಿಂದ ಮೊಮ್ಮಗಳನ್ನು ಕರೆತಂದಿದ್ದ ಅಜ್ಜ ಮರದ ಕೆಳಗೆ ಕೂತಿದ್ದರು. ಕೈಯಲ್ಲಿ ನಾಲ್ಕನೇ ತರಗತಿಯ ಕನ್ನಡ ಪುಸ್ತಕ.

‘ಹುಡುಗಿ ಸೊಲ್ಲಾಪುರದಾಗ ಇಂಗ್ಲಿಷ್ ಮೀಡಿಯಂ ಕಲ್ತಾಳ್ರೀ. ಮನ್ಯಾಗ ಮಾತೆಲ್ಲಾ ಕನ್ನಡನ, ಆದ್ರ ಅಕ್ಷರ ಬರ್ತಿದ್ದಿಲ್ಲ. ಗಣಿತಕ್ಕ ಟ್ಯೂಷನ್ ಹಚ್ಚೀವಿ, ಕನ್ನಡಕ್ಕ ನಾನ ಮಾಸ್ತರ. ಒತ್ತಕ್ಷರ ಕಲಿಸೂದ್ರಾಗ ಸಾಕಾತು ನೋಡ್ರಿ.’

‘ಎಷ್ಟು ಮಾರ್ಕ್ಸ್ ಬೇಕು ಅಜ್ಜಾರೆ?’

‘ಹನ್ನೆರಡ ಸಾಕ್ರಿ. ಹನ್ನೊಂದ ಬಂದ್ರ ಮುಗೀತು.’

ನಂಬಿಕೆ ಬರದೆ ಮನೆಗೆ ಬಂದು ಸಿಇಟಿ ಮಾಹಿತಿ ಪುಸ್ತಿಕೆ ತೆರೆದೆ. ಅಜ್ಜ ಹೇಳಿದ್ದು ಅಕ್ಷರಶಃ ನಿಜ. 50 ಅಂಕದ ಪತ್ರಿಕೆ, ನಾಲ್ಕನೇ ತರಗತಿ ಮಟ್ಟದ ಕನ್ನಡ, ಕನಿಷ್ಠ 12 ಅಂಕ. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. 50ಕ್ಕೆ 50 ತೆಗೆದರೂ ಒಂದು ಸ್ಥಾನ ಮೇಲೆ ಹೋಗುವುದಿಲ್ಲ. 11 ಬಂದರೆ ಮಾತ್ರ, ಗಣಿತದಲ್ಲಿ ಎಷ್ಟೇ ಗಳಿಸಿದ್ದರೂ ಈ ವರ್ಗದಡಿ ಸರ್ಕಾರಿ ಸೀಟು ಇಲ್ಲ. ಕಾಸರಗೋಡು, ಮಂಜೇಶ್ವರದ ಮಕ್ಕಳ ಸ್ಥಿತಿ ಇನ್ನೂ ಸ್ವಾರಸ್ಯಕರ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದವರು ಅರ್ಜಿ ಹಾಕಬಹುದು, ಆದರೆ ಪರೀಕ್ಷೆ ಕನ್ನಡದಲ್ಲಿ ಮಾತ್ರ. ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳ ಅಥವಾ ಇಂಗ್ಲಿಷ್, ಬೀದಿಯಲ್ಲಿ ಮೂರೂ ಆಡಿ ಬೆಳೆದ ಹುಡುಗ ಎಂಜಿನಿಯರಾಗಲು ನಾಲ್ಕನೇ ತರಗತಿಯ ಕನ್ನಡ ಪದ್ಯ ಓದಬೇಕು. ನನಗಂತೂ ಇದು ಬಹಳ ಇಷ್ಟವಾಯಿತು. ಸರ್ಕಾರದ ನಿಯಮವೊಂದು ಅಜ್ಜನನ್ನು ಮೊಮ್ಮಗಳ ಪಕ್ಕ ಪಾಠಕ್ಕೆ ಕೂರಿಸಿದ ಇನ್ನೊಂದು ಉದಾಹರಣೆ ನಾನು ಕಂಡಿಲ್ಲ.

ಹೊರಗಿನ ಮಕ್ಕಳಿಗೆ ಹೀಗಾದರೆ ನಮ್ಮೊಳಗಿನವರಿಗೆ ಹೇಗೆ? ಹೆಚ್ಚುಕಡಿಮೆ ಇದೇ ಕತೆ, ಭಾಷೆ ಮಾತ್ರ ಬೇರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಪಿಸಿಎಂ ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಎಂಬುದು ಮನೆಮನೆಗೂ ಗೊತ್ತು. ಪಿಯುವಿನಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 120 ತೆಗೆದ ಹುಡುಗನಿಗೆ 45 ಮತ್ತು 33.33 ಸೇರಿ ನೂರಕ್ಕೆ 78.33. ಇಂಗ್ಲಿಷಿಗೆ ಇಲ್ಲಿ ಜಾಗವೇ ಇಲ್ಲ. ಆದರೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಓದಿ ಪಿಯುಸಿ ಪಾಸಾಗಿರಬೇಕು ಎಂಬ ಷರತ್ತು ಅರ್ಹತೆಯ ಪಟ್ಟಿಯಲ್ಲಿ ಕೂತಿದೆ. ಅದರಲ್ಲಿ ಫೇಲಾದರೆ 78.33 ಇದ್ದೂ ರ‍್ಯಾಂಕ್ ಸಿಗುವುದಿಲ್ಲ. ನೀಟ್ ಬರೆಯುವವರಿಗೂ ಇಂಗ್ಲಿಷ್ ಪಾಸು ಕಡ್ಡಾಯ.

ಹೀಗೆ ಫೇಲಾಗುವವರು ಯಾರು? ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ವಿಜ್ಞಾನದ ಆಸೆಗೆ ತಾಲ್ಲೂಕು ಕೇಂದ್ರದ ಕಾಲೇಜು ಸೇರಿದವರೇ ಹೆಚ್ಚಾಗಿ ಈ ಗುಂಡಿಗೆ ಬೀಳುತ್ತಾರೆ. ಇಂಗ್ಲಿಷ್ ಪೀರಿಯಡ್ಡನ್ನು ಸಿಇಟಿ ಕೋಚಿಂಗಿಗೆ ಬಿಟ್ಟುಕೊಡುವ ಕಾಲೇಜುಗಳೂ ಇವೆ. ಪ್ರಾಂಶುಪಾಲರನ್ನು ಕೇಳಿದರೆ ‘ಅದು ರ‍್ಯಾಂಕಿಗೆ ಬರಲ್ಲವಲ್ಲ ಸಾರ್’ ಎನ್ನುತ್ತಾರೆ. ಪೇಟೆಯ ಜಾಣರು ಇನ್ನೊಂದು ಭಾಷೆಯಾಗಿ ಸಂಸ್ಕೃತ ಹಿಡಿದು ನೂರಕ್ಕೆ ನೂರು ತರುತ್ತಾರೆ. ಅವರಲ್ಲಿ ಎಷ್ಟು ಮಂದಿ ಒಂದು ಶ್ಲೋಕವನ್ನು ತಡವರಿಸದೆ ಓದಬಲ್ಲರು ಎಂಬ ಬಗ್ಗೆ ನನಗೆ ಅನುಮಾನವಿದೆ.

ಹಿಂದಿನ ಕತೆ ಚುಟುಕಾಗಿ ಹೇಳುವುದಾದರೆ, ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶ ಕುರಿತ ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ 1994ರಲ್ಲಿ ಸಿಇಟಿ ಬಂತು. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯದೆ, ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. ಮರುವರ್ಷ ಅದೇ ತಂಡದವರು ಮತ್ತೆ ಸಿಇಟಿ ಬರೆದಾಗ ಪರೀಕ್ಷೆಯಿಲ್ಲದೆ ಸಿಕ್ಕಿದ್ದ ಅವರ ಪಿಯು ಅಂಕ ಪರಿಗಣಿಸದ್ದಕ್ಕೆ ಜಗಳ ಹೈಕೋರ್ಟ್ ಮೆಟ್ಟಿಲೇರಿ, ಪಟ್ಟಿ ಪರಿಷ್ಕರಣೆಯಾಯಿತು. ಅಷ್ಟೆಲ್ಲ ಗದ್ದಲದಲ್ಲೂ ಚರ್ಚೆಯಾದದ್ದು ಐಚ್ಛಿಕ ವಿಷಯಗಳ ಅಂಕ. ಭಾಷೆಯ ಅಂಕದ ಮಾತನ್ನು ಯಾರೂ ಎತ್ತಲಿಲ್ಲ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ ಪದ್ಧತಿ. ಸಿಡ್ನಿಯಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ಇದು ನಿತ್ಯದ ತಲೆನೋವು. ಅಲ್ಲಿ 12ನೇ ತರಗತಿಯಲ್ಲಿ ಕಡ್ಡಾಯವಾದ ವಿಷಯ ಇಂಗ್ಲಿಷ್ ಒಂದೇ. ವಿಶ್ವವಿದ್ಯಾಲಯ ಪ್ರವೇಶದ ರ‍್ಯಾಂಕಿಗೆ ಹತ್ತು ಯೂನಿಟ್ ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಎರಡು ಯೂನಿಟ್ ಇಂಗ್ಲಿಷಿನವೇ ಆಗಿರಬೇಕು, ಉಳಿದ ಎಂಟು ನಿಮ್ಮ ಅತ್ಯುತ್ತಮ ವಿಷಯಗಳು. ಬೇರೆ ವಿಷಯ ಕೆಟ್ಟರೆ ಲೆಕ್ಕದಿಂದ ಬಿಡಬಹುದು, ಇಂಗ್ಲಿಷ್ ಕೆಟ್ಟರೆ ಬಿಡುವಂತಿಲ್ಲ. ಗಣಿತದಲ್ಲಿ ಮಿಂಚುವ ಹುಡುಗನನ್ನೂ ಅದು ಕೆಳಕ್ಕೆ ಎಳೆಯುತ್ತದೆ, ಆದರೆ ಗೇಟಿನಲ್ಲೇ ತಡೆದು ನಿಲ್ಲಿಸುವುದಿಲ್ಲ. ಕಡಿಮೆ ಅಂಕಕ್ಕೆ ಕಡಿಮೆ ರ‍್ಯಾಂಕ್, ಅಷ್ಟೇ.

ನಮ್ಮಲ್ಲಿ ಪಾಸು ಅಂಕದ ಮೇಲಿನದೆಲ್ಲ ಸೊನ್ನೆಗೆ ಸಮ, ಅದರ ಕೆಳಗಿನ ಒಂದೇ ಒಂದು ಅಂಕ ಸರ್ವನಾಶ. ಯಾವ ಮಕ್ಕಳು ಇಂಥ ವಿಷಯ ಪ್ರೀತಿಯಿಂದ ಓದಿಯಾರು? ಹಾಗೆಂದು ಸಿಡ್ನಿಯ ಮಾದರಿಯನ್ನು ಇದ್ದಂತೆ ಇಲ್ಲಿಗೆ ತಂದರೆ ಕನ್ನಡ ಮಾಧ್ಯಮದ ಮಕ್ಕಳೇ ಮತ್ತೆ ಪೆಟ್ಟು ತಿನ್ನುತ್ತಾರೆ. ಪಿಯುವಿನ ಎರಡು ಭಾಷೆಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ರ‍್ಯಾಂಕಿಗೆ ಸೇರಿಸಲಿ, ನೂರರಲ್ಲಿ ಹತ್ತು ಪಾಲಾದರೂ ಸಾಕು. ಕೋಚಿಂಗಿಗೆ ಕೊಟ್ಟ ಪೀರಿಯಡ್ಡು ಆಗ ತಾನಾಗಿಯೇ ವಾಪಸ್ ಬರುತ್ತದೆ. ಅಕ್ಕಲಕೋಟೆಯವರ 50 ಅಂಕಕ್ಕೂ ಹೀಗೆ ಒಂದಿಷ್ಟು ತೂಕ ಸಿಗಲಿ.

ಅದಾಗುವವರೆಗೆ ಸದ್ಯದ ನಿಯಮದಲ್ಲೇ ದಾರಿ ಹುಡುಕಬೇಕು. ಮೊದಲಿನಷ್ಟು ಕಷ್ಟವೇನೂ ಈಗಿಲ್ಲ. 2024ರಲ್ಲಿ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, 2, 3 ಬಂದವು. ಆ ವರ್ಷವೂ ಮರುವರ್ಷವೂ ಎರಡನೆಯದರ ಫಲಿತಾಂಶ ಸಿಇಟಿ ಫಲಿತಾಂಶಕ್ಕಿಂತ ಮೊದಲೇ ಬಂತು. 2025-26ರ ಸಾಲಿಗೆ ಪಾಸಿನ ಗೆರೆಯನ್ನೂ ಇಳಿಸಿದ್ದಾರೆ: ಒಟ್ಟು 600ಕ್ಕೆ 198, ಪ್ರತಿ ವಿಷಯಕ್ಕೆ ಕನಿಷ್ಠ 30. ಮಗ ಇಂಗ್ಲಿಷಿನಲ್ಲಿ ಫೇಲಾದ ಎಂದು ಮನೆಯಲ್ಲಿ ರಂಪ ಮಾಡುತ್ತ ಕೂರುವ ಬದಲು, ಮಾರನೆಯ ದಿನವೇ ಕಾಲೇಜಿಗೆ ಹೋಗಿ ಪರೀಕ್ಷೆ-2ರ ಶುಲ್ಕ ಕಟ್ಟಿ ಬನ್ನಿ.