ಕ್ಯಾಸೆಟ್ಟಿನಲ್ಲಿ ಉಳಿದ ಭಾಗವತಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾದರೂ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಎಸೆಯದೆ ಇಟ್ಟುಕೊಂಡವರು ಈಗಲೂ ಸಿಗುತ್ತಾರೆ. ಅಂಥ ಇಬ್ಬರು ಜಗಲಿಯಲ್ಲಿ ಕೂತರೆ ಚರ್ಚೆಗೆ ಹೊತ್ತು ಸಾಲದು. ಈ ಪದ್ಯಕ್ಕೆ ಮದ್ದಳೆ ದುರ್ಗಪ್ಪ ಗುಡಿಗಾರರದೋ, ಕರ್ಕಿ ಪ್ರಭಾಕರ ಭಂಡಾರಿಯವರದೋ? ಕಾಳಿಂಗ ನಾವಡರು ಇದನ್ನು ಹಾಡಿದ್ದು ಯಾವ ವರ್ಷದ ತಿರುಗಾಟದಲ್ಲಿ? ಮೊಬೈಲಿನಲ್ಲಿ ಬಂದ ಪ್ರತಿಯ ಶ್ರುತಿ ಯಾಕೆ ಇಷ್ಟು ಏರಿದೆ?

ಗ್ರಾಮಫೋನ್ ಕಾಲದಲ್ಲಿ ಇಂಥ ಚರ್ಚೆಗೆ ಆಸ್ಪದವೇ ಕಡಿಮೆಯಿತ್ತು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಬಿಡಿ ಪದ್ಯ ಹಾಡಬಹುದು, ಪ್ರಸಂಗ ನಡೆಸಲಾಗದು. ತಟ್ಟೆ ಒತ್ತುವ ದೊಡ್ಡ ಕಾರ್ಖಾನೆ ಇದ್ದದ್ದು ದೂರದ ಕಲ್ಕತ್ತೆಯ ಡಮ್‌ಡಮ್‌ನಲ್ಲಿ. ಮಾರುಕಟ್ಟೆ ಹೆಚ್ಚುಕಡಿಮೆ ಎಚ್‌ಎಂವಿಯ ಕೈಯಲ್ಲಿತ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ನಮ್ಮಲ್ಲಿ ಅಗ್ಗವಾದದ್ದು ಎಂಬತ್ತರ ದಶಕದಲ್ಲಿ. ಸಣ್ಣ ಬಂಡವಾಳದವರೂ ಕಂಪನಿ ತೆರೆಯುವಂತಾಯಿತು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿತ್ತು. ಯಕ್ಷಗಾನವೂ ಅದೇ ದಾರಿ ಹಿಡಿಯಿತು.

ಆದರೆ ಇಡೀ ರಾತ್ರಿಯ ಆಟವನ್ನು ಅರವತ್ತು, ತೊಂಬತ್ತು ನಿಮಿಷಕ್ಕೆ ಇಳಿಸುವುದು ಸುಲಭದ ಕೆಲಸವಾಗಿರಲಿಲ್ಲ. ಒಡ್ಡೋಲಗ ಬಿಡಬೇಕು, ಪದ್ಯಗಳನ್ನು ಆರಿಸಬೇಕು, ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಸಂಭಾಷಣೆಯೂ ನಿಲ್ಲುವ ಜಾಗಕ್ಕೆ ಬರಬೇಕು. ವೇಷ, ಕುಣಿತ ಕಣ್ಣಿಗೆ ಕಾಣದ ಈ ಮಾಧ್ಯಮಕ್ಕೆ ತಾಳಮದ್ದಳೆ ಚೆನ್ನಾಗಿ ಒಗ್ಗಿತು. ಅದರ ಜೀವವಿರುವುದೇ ಪದ್ಯದಲ್ಲಿ, ಅರ್ಥದಲ್ಲಿ. ಧಾರವಾಡ, ಮಂಗಳೂರು ಆಕಾಶವಾಣಿಗಳು ಕೇಳುಗರ ಕಿವಿಯನ್ನು ಮೊದಲೇ ಹದ ಮಾಡಿದ್ದವು. ಹಾಗಿದ್ದೂ ಸ್ಟುಡಿಯೋದ ತಾಳಮದ್ದಳೆಯಲ್ಲಿ ಒಂದು ಕೊರತೆ ಉಳಿಯಿತು ಎಂದೇ ನನ್ನ ಅಭಿಪ್ರಾಯ. ಎದುರಾಳಿ ಎತ್ತಿದ ಅನಿರೀಕ್ಷಿತ ಪ್ರಶ್ನೆಗೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಧ ಗಂಟೆ ಉತ್ತರ ಕೊಡುವ ಬಿಡುವು ಅಲ್ಲಿರಲಿಲ್ಲ. ರಂಗಸ್ಥಳದ ಬುಡದಲ್ಲಿ ಟೇಪ್ ಇಟ್ಟು ಅಭಿಮಾನಿಗಳೇ ಮಾಡಿಕೊಂಡ ಮುದ್ರಣಗಳಲ್ಲಿ ಕೆಮ್ಮು, ಮಕ್ಕಳ ಅಳು ಎಲ್ಲ ಸೇರಿದ್ದರೂ ಆ ಬಿಡುವು ಇದೆ. ಕಂಪನಿ ಕ್ಯಾಸೆಟ್ಟಿಗಿಂತ ಅವನ್ನೇ ಹೆಚ್ಚು ಜತನ ಮಾಡಿದವರಿದ್ದಾರೆ.

ಗುಂಡ್ಮಿ ಕಾಳಿಂಗ ನಾವಡರ ವಿಷಯದಲ್ಲಿ ಈ ಸುರುಳಿಗಳ ಬೆಲೆ ಇನ್ನೂ ಹೆಚ್ಚು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತ ಅವರನ್ನು ಒಯ್ದಾಗ ಅವರಿಗೆ ಮೂವತ್ತರ ಆಸುಪಾಸು. ಬಡಗಿನ ಭಾಗವತಿಕೆಯನ್ನು ಅಷ್ಟು ಬದಲಿಸಿದ ಆ ಕಂಠವನ್ನು ಅನಂತರ ಹುಟ್ಟಿದವರು ಕೇಳಿದ್ದು ಮುದ್ರಣದಲ್ಲಿ ಮಾತ್ರ. 2019ರಲ್ಲಿ ತೀರಿಕೊಂಡ ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರು, 2024ರಲ್ಲಿ ಅಗಲಿದ ಸುಬ್ರಹ್ಮಣ್ಯ ಧಾರೇಶ್ವರರು, ಇವರ ಹಾಡಿಕೆಯೂ ಈಗ ಅದೇ ಸಾಲಿಗೆ ಸೇರಿದೆ. ನಾವಡರ ಏರುಪದ್ಯ ಒಬ್ಬರಿಗೆ ಇಷ್ಟ, ನೆಬ್ಬೂರರ ಸಾವಧಾನ ಇನ್ನೊಬ್ಬರಿಗೆ. ಎರಡನ್ನೂ ಒಂದೇ ಸಂಜೆ ಕೇಳಿದರೆ ಬಡಗಿನ ವಿಸ್ತಾರ ತಿಳಿಯುತ್ತದೆ.

ಮಲೆನಾಡಿನ ಮಳೆಗಾಲ ಟೇಪಿಗೆ ಶತ್ರು. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದರೆ ಅದು ಪ್ಲೇಯರಿನ ಹೆಡ್ಡಿಗೂ ಅಂಟಿ, ಆಮೇಲೆ ಹಾಕಿದ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಬೆನ್ನಿನ ಚಿಕ್ಕ ಪ್ಲಾಸ್ಟಿಕ್ ಚೂರನ್ನು ಮುರಿಯದೆ ಬಿಟ್ಟ ಕ್ಯಾಸೆಟ್ಟುಗಳ ಮೇಲೆ ಸಿನಿಮಾ ಹಾಡು ತುಂಬಿಕೊಂಡು ಅಳಿಸಿಹೋದ ಪ್ರಸಂಗಗಳು ಎಷ್ಟೋ. ಹಾಗಾಗಿ ಡಿಜಿಟಲ್ ಮಾಡುವ ಕೆಲಸ ತಡವಾಗಬಾರದು. ಅವಸರದಲ್ಲೂ ಆಗಬಾರದು. ಪ್ಲೇಯರಿನ ಬೆಲ್ಟು ಸಡಿಲಿದ್ದರೆ ಟೇಪು ನಿಧಾನವಾಗಿ ಓಡಿ, ಕರಿ ಮೂರರ ಶ್ರುತಿಯ ಹಾಡು ಬಿಳಿ ನಾಲ್ಕಕ್ಕೆ ಇಳಿದು, ಭಾಗವತರ ಕಂಠವೇ ಬೇರೆಯದಾಗಿ ಕೇಳುತ್ತದೆ. ಮೋಟಾರು ಜೋರಾದರೆ ಇದರ ತಿರುಗುಮುರುಗು.

ಕಂಪನಿಗಳೇ ಮರುಬಿಡುಗಡೆ ಮಾಡಿದರೆ ಒಳ್ಳೆಯದಿತ್ತು. ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ ಪ್ರಕಟಣೆಯ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1985ರ ಕ್ಯಾಸೆಟ್ಟು 2045ರ ಕೊನೆಯವರೆಗೂ ಯಾರದೋ ಸ್ವತ್ತು. ಬಾಗಿಲು ಹಾಕಿದ ಸಣ್ಣ ಕಂಪನಿಯ ಹಕ್ಕು ಈಗ ಯಾರಲ್ಲಿದೆಯೆಂದು ಹುಡುಕುವುದೇ ದೊಡ್ಡ ಕೆಲಸ. ಅಲ್ಲಿಯವರೆಗೆ ಕ್ಯಾಸೆಟ್ಟು ಇರುವವರು ಮಾಡಬಹುದಾದದ್ದು ಒಂದಿದೆ: ಡಬ್ಬಿಯೊಳಗಿನ ಕಾಗದದ ಫೋಟೊ ತೆಗೆದು ಧ್ವನಿಯ ಜೊತೆಗೇ ಇಡುವುದು. ಭಾಗವತರ ಹೆಸರನ್ನು ಎಲ್ಲರೂ ಬರೆಯುತ್ತಾರೆ. ಚಂಡೆ, ಮದ್ದಳೆಯವರ ಹೆಸರು ಬಹಳ ಸಲ ಉಳಿದಿರುವುದು ಆ ಕಾಗದದ ಮೇಲೆ ಮಾತ್ರ.